ಹತ್ತು ಚಪ್ಪಾಳೆಯ ಪದ

ನಮಸ್ಕಾರ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವೆನ್‌ನಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹೊರಗಿನ ಶಾಟ್ ಒಂದೂ ಸಿಗಲಿಲ್ಲ. ಇವತ್ತು ನಮ್ಮ ಅಡುಗೆಮನೆ ಟೇಬಲ್ಲೇ ಗತಿ.

ಟೇಬಲ್ ಮೇಲೆ ಕಾಣುತ್ತಿದೆಯಲ್ಲ, ಆ ಕಾಗದ ನಿನ್ನೆ ಅಂಚೆಯಲ್ಲಿ ಬಂತು. ನನ್ನ ಬೆರಳು ಇರುವ ಕಡೆ ನೋಡಿ. ಆರ್ಬೈಟ್ಸ್‌ಒನ್‌ಖೆಸ್ಖಿಕ್ತ್‌ಹೈಟ್ಸ್‌ಫೆರ್‌ಜೇಕೆರಿಂಗ್. ಇದು ಒಂದೇ ಪದ! ಡಚ್ ಅಕ್ಷರ ಎಣಿಸಿದರೆ 33. ನಡುವೆ ಎಲ್ಲೂ ಜಾಗ ಬಿಟ್ಟಿಲ್ಲ.

ನಾನು ಕಾಗದ ಮಡಚಿ ಇಡುವುದರಲ್ಲಿದ್ದೆ. ಅಷ್ಟರಲ್ಲಿ ಮಗಳು ಬಂದಳು. ಅವಳಿಗೆ ಆರು ವರ್ಷ. ಇಲ್ಲಿ ಶಾಲೆಯಲ್ಲಿ ಪದವನ್ನು ಚಪ್ಪಾಳೆ ತಟ್ಟಿ ಒಡೆಯುವುದನ್ನು ಕಲಿಸುತ್ತಾರೆ. ನಾನು ತಡವರಿಸುತ್ತಾ ಓದಿದೆ, ಅವಳು ತಟ್ಟಿದಳು. ಆರ್, ಬೈಟ್ಸ್, ಒನ್, ಖೆ, ಸ್ಖಿಕ್ತ್, ಹೈಟ್ಸ್, ಫೆರ್, ಜೇ, ಕೆ, ರಿಂಗ್. ಹತ್ತು ಚಪ್ಪಾಳೆ.

ಆದರೆ ಅರ್ಥದ ತುಂಡುಗಳು ಮೂರೇ. ಆರ್ಬೈಟ್ ಅಂದರೆ ಕೆಲಸ. ನಡುವಿನದ್ದು ಕೈಲಾಗದೆ ಇರುವುದು. ಕೊನೆಯ ಫೆರ್‌ಜೇಕೆರಿಂಗ್ ಅಂದರೆ ವಿಮೆ. ಕೆಲಸ ಮಾಡಲು ಆಗದೆ ಹೋದರೆ ದುಡ್ಡು ಕೊಡುವ ವಿಮೆ, ಅಷ್ಟೇ. ತುಂಡುಗಳ ಮಧ್ಯೆ ಎರಡು ಕಡೆ ಬರುವ 'ಸ್' ಇದೆಯಲ್ಲ, ಅದಕ್ಕೆ ಅರ್ಥವಿಲ್ಲ. ಅದು ಬರೀ ಹೊಲಿಗೆ.

ಡಚ್ಚಿನಲ್ಲಿ ಕೊನೆಯ ತುಂಡಿನದ್ದೇ ಯಜಮಾನಿಕೆ. ಇಂಗ್ಲಿಷಿನ 'ದ' (the) ಥರ ಇಲ್ಲಿ ಹೆಸರಿನ ಮುಂದೆ 'ಹೆಟ್' ಅಥವಾ 'ಡೆ' ಬರುತ್ತದೆ. ಮನೆಗೆ 'ಹೆಟ್' ಹಾಕಬೇಕು, ಬೀಗದಕೈಗೆ 'ಡೆ'. ಮನೆಯ ಬೀಗದಕೈ ಅಂತ ಸೇರಿಸಿ ಹೇಳಿದರೆ 'ಡೆ'. ಹಾಗಾಗಿ ನಾನೀಗ ಉದ್ದದ ಪದ ಕಂಡರೆ ಬಾಲದಿಂದ ಓದುತ್ತೇನೆ.

ಹೊಲಿಗೆ, ಅಂದರೆ ಎರಡು ತುಂಡು ಸೇರುವ ಜಾಗ, ಎಲ್ಲಿದೆ ಅಂತ ಗೊತ್ತಾಗದಿದ್ದರೆ ಮಾತ್ರ ಫಜೀತಿ. ಭಾಷಾ ಕ್ಲಾಸಿನಲ್ಲಿ ನನಗೆ ಆಗಿದ್ದು ಅದೇ. ಪಾಠದಲ್ಲಿ 'ಡೈಕ್‌ರಾಂಪ್' ಅಂತ ಒಂದು ಪದ ಇತ್ತು. ಉಚ್ಚಾರ ಮರೆಯಬಾರದು ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೆ. ಡೈಕ್ರಾಂಪ್. ನೋಡಿ, ಇದೇ ಆ ನೋಟ್‌ಬುಕ್. ಕ ಕೆಳಗೆ ರ ಒತ್ತು ಕೊಟ್ಟಿದ್ದೇನೆ. ಒತ್ತು ಕೊಟ್ಟ ಮೇಲೆ ನಮ್ಮ ಕಣ್ಣು ಅದನ್ನು ಬಿಡಿಸುತ್ತದಾ? ಡೈ, ಕ್ರಾಂಪ್ ಅಂತಲೇ ಓದಿದೆ. 'ಡೈ' ತೊಡೆ, 'ಕ್ರಾಂಪ್' ಸೆಳೆತ. ತೊಡೆ ಹಿಡಿದುಕೊಂಡ ಕಥೆ ಅಂತ ಅರ್ಥ ಹೇಳಿಬಿಟ್ಟೆ. ಕ್ಲಾಸ್ ಪೂರ್ತಿ ನಗು.

ಹೊಲಿಗೆ ಇದ್ದಿದ್ದು ಕ ಆದ ಮೇಲೆ. 'ಡೈಕ್' ನೀರು ತಡೆಯುವ ಒಡ್ಡು, 'ರಾಂಪ್' ದುರಂತ. ಒಡ್ಡು ಒಡೆದ ದುರಂತ. ಡಚ್ಚರ ನಿಯಮ ಇಷ್ಟೇ: ಮೊದಲು ಹೊಲಿಗೆ ಬಿಚ್ಚಬೇಕು, ಆಮೇಲೆ ಒಂದೊಂದು ತುಂಡನ್ನು ಬೇರೆಯಾಗಿ ಒಡೆಯಬೇಕು. ಸುಮ್ನೆ ನಾಲಿಗೆಗೆ ಬಿಟ್ಟರೆ ಅದು ಡಚ್ಚಿನಲ್ಲೂ 'ಕ್ರ' ಕಡೆಗೇ ಎಳೆಯುತ್ತದೆ, ಯಾಕೆಂದರೆ ಅಲ್ಲೂ 'ಕ್ರ' ಇಂದ ಶುರುವಾಗುವ ಪದ ಬೇಕಾದಷ್ಟಿವೆ.

ನಗು ನಿಂತ ಮೇಲೆ ಟೀಚರ್ ಬೋರ್ಡಿನ ಮೇಲೆ ಇನ್ನೊಂದು ಪದ ಬರೆದರು. ವಾಟೆರ್ಸ್‌ನೋಟ್‌ರಾಂಪ್. ಬಾಲದಲ್ಲಿ ಅದೇ ರಾಂಪ್. 1953ರ ಫೆಬ್ರವರಿ 1ರ ನಸುಕಿನಲ್ಲಿ ಸಮುದ್ರ ಉಕ್ಕಿ, ಜೀಲ್ಯಾಂಡ್ ಕಡೆಯ ಒಡ್ಡುಗಳು ಒಡೆದು ಈ ದೇಶದಲ್ಲಿ 1,836 ಜನ ಸತ್ತರು. ಆ ನೆರೆಯ ಹೆಸರು ಅದು. ಆಮೇಲೆ ನಾನು ನೋಟ್‌ಬುಕ್ಕಿನಲ್ಲಿ ಆ ಒತ್ತು ಹೊಡೆದುಹಾಕಿ ಡೈಕ್, ರಾಂಪ್ ಅಂತ ಬೇರೆ ಬೇರೆ ಬರೆದೆ. ಪಕ್ಕದಲ್ಲೇ ಇದೆ ನೋಡಿ.

ಇದೆಲ್ಲ ಹೇಳುತ್ತಿರುವಾಗ ಮಗಳಿಗೆ ಬೇಜಾರಾಯಿತು. "ಈಗ ಕನ್ನಡದ್ದು ಹೇಳು" ಅಂದಳು. ಕಿಟಕಿ ಕಡೆ ನೋಡಿ "ಮಳೆಗಾಲ" ಅಂದೆ. ನಾಲ್ಕು ಚಪ್ಪಾಳೆ ಹೊಡೆದಳು.

"ಮಳೆ ಗೊತ್ತು. ಗಾಲ ಅಂದ್ರೆ ಏನಮ್ಮಾ?"

"ಗಾಲ ಅಲ್ಲ ಪುಟ್ಟಿ, ಕಾಲ."

"ಮತ್ತೆ ಕಾಲ ಅಂತ ಯಾಕೆ ಹೇಳಲ್ಲ?"

ಕ್ಯಾಮೆರಾ ಆಫ್ ಮಾಡಿದ್ದು ಅಲ್ಲೇ.