ಅಳುಬುರುಕ ಕೋಬಿ

ಕೇಳುಗರೇ, ನಮಸ್ಕಾರ.

ನಮ್ಮ ಅಕ್ಕನ ಮಗ ಹೈಸ್ಕೂಲು ಓದುತ್ತಾನೆ. ಜಪಾನಿನ ಅನಿಮೆ, ಅಂದರೆ ಕಾರ್ಟೂನು ಧಾರಾವಾಹಿ ಸಿಕ್ಕರೆ ಅವನಿಗೆ ಊಟ ನಿದ್ದೆ ಬೇಡ. ರಜೆಯಲ್ಲಿ ನಮ್ಮ ಮನೆಗೆ ಬಂದವನು ನನ್ನನ್ನೂ ಎಳೆದು ಕೂರಿಸಿ 'ಒನ್ ಪೀಸ್' ತೋರಿಸಿದ. ಕಡಲ್ಗಳ್ಳರ ಕಥೆ. ಐಇಚಿರೋ ಓಡಾ ಎನ್ನುವವರು 1997ರ ಜುಲೈನಲ್ಲಿ ಒಂದು ವಾರಪತ್ರಿಕೆಯಲ್ಲಿ ಮಂಗಾ ಆಗಿ, ಅಂದರೆ ಚಿತ್ರಕಥೆಯಾಗಿ ಶುರು ಮಾಡಿದ್ದು. 1999ರ ಅಕ್ಟೋಬರ್‌ನಲ್ಲಿ ಟೀವಿಗೆ ಬಂತು. ಸಾವಿರದ ನೂರು ಕಂತು ದಾಟಿದರೂ ಇನ್ನೂ ಮುಗಿದಿಲ್ಲ. ನಮ್ಮ ಧಾರಾವಾಹಿಗಳನ್ನು ಬೈಯುವವರು ಇದನ್ನೊಮ್ಮೆ ನೋಡಬೇಕು!

ಎಲ್ಲರಿಗೂ ಇದರಲ್ಲಿ ಇಷ್ಟ ಆಗುವುದು ನಾಯಕ ಲೂಫಿ, ಇಲ್ಲವೇ ಮೂರು ಕತ್ತಿ ಹಿಡಿಯುವ ಜೋರೋ. ನನಗೆ ಇಷ್ಟ ಆದವನು ಕೋಬಿ. ಹಾಗೆಂದ ಕೂಡಲೇ ಅಕ್ಕನ ಮಗ ಮುಖ ಸಿಂಡರಿಸಿದ. "ಅವನಾ ಮಾಮ? ಬರೀ ಅಳುಬುರುಕ" ಅಂದ.

ಅಳುಬುರುಕನೇ, ಸುಳ್ಳಲ್ಲ. ಮೊದಲ ಕಂತಿನಲ್ಲೇ ಕೋಬಿ ಬರುತ್ತಾನೆ. ಸಮುದ್ರದಲ್ಲಿ ತೇಲಿಬಂದ ಒಂದು ಪೀಪಾಯಿ ಒಡೆದು ಲೂಫಿ ಎದ್ದು ನಿಂತಾಗ ಎದುರಿಗೆ ಬೆಚ್ಚಿಬಿದ್ದು ನಿಂತವನು ಇವನು. ಗುಂಡು ಕನ್ನಡಕ, ಗುಲಾಬಿ ಬಣ್ಣದ ಕೂದಲು, ಕುಳ್ಳ ಮೈ. ಮೀನು ಹಿಡಿಯೋಕೆ ಅಂತ ದೋಣಿ ಹತ್ತಿದ್ದ. ಅದು ಕಡಲ್ಗಳ್ಳರ ದೋಣಿ ಆಗಿತ್ತು. ಅಲ್ಲಿಂದ ಎರಡು ವರ್ಷ ಆಲ್ವಿಡಾ ಎಂಬ ಕಳ್ಳನಾಯಕಿಯ ಹಡಗಿನಲ್ಲಿ ನೆಲ ಒರೆಸುತ್ತಾ, ಬೈಸಿಕೊಳ್ಳುತ್ತಾ ಇದ್ದಾನೆ. ಮಂಗಾದಲ್ಲಿ ಇನ್ನೊಂದು ವಿವರ ಇದೆ. ಆ ಎರಡು ವರ್ಷದಲ್ಲಿ ಅವನು ಯಾರಿಗೂ ಗೊತ್ತಾಗದ ಹಾಗೆ ಒಂದು ದೋಣಿ ಕಟ್ಟಿರುತ್ತಾನೆ. ಓಡಿಹೋಗೋಕೆ. ಲೂಫಿ ಅದನ್ನು ನೋಡಿ, ಇದೇನು ಹೆಣದ ಪೆಟ್ಟಿಗೆಯಾ ಅಂತ ಕೇಳುತ್ತಾನೆ. ದೋಣಿ ತಯಾರಾಗಿದೆ, ಹತ್ತುವ ಧೈರ್ಯ ಮಾತ್ರ ಇಲ್ಲ. ಈ ಒಂದು ವಿವರಕ್ಕೇ ನಾನು ಓಡಾ ಅವರಿಗೆ ಸೋತುಹೋದೆ. ಕೋಬಿಗೆ ಆಸೆಗೆ, ಕೈಗೆಲಸಕ್ಕೆ ಕೊರತೆ ಇರಲಿಲ್ಲ. ಹತ್ತು ಅಂತ ಹೇಳುವವರು ಒಬ್ಬರು ಬೇಕಿತ್ತು.

ಕೋಬಿಯ ಆಸೆ ಏನು ಗೊತ್ತಾ? ನೌಕಾಪಡೆ ಸೇರಬೇಕು, ಕಡಲ್ಗಳ್ಳರನ್ನು ಹಿಡಿಯಬೇಕು. ಅದನ್ನು ಅವನು ಹೇಳಿಕೊಳ್ಳುವುದು ಕಡಲ್ಗಳ್ಳರ ರಾಜ ಆಗ್ತೀನಿ ಅಂತ ಹೊರಟ ಹುಡುಗನ ಹತ್ತಿರ! ಅದಕ್ಕಾಗಿ ಹೋರಾಡಿ ಸತ್ತರೂ ಪರವಾಗಿಲ್ಲ ಅಂತ ಲೂಫಿ ತನ್ನ ಕನಸಿನ ಬಗ್ಗೆ ಸುಮ್ನೆ, ತಿಂಡಿ ತಿಂದೆ ಅನ್ನುವಷ್ಟು ಸಲೀಸಾಗಿ ಹೇಳಿಬಿಡುತ್ತಾನೆ. ಕೋಬಿ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಅಷ್ಟರಲ್ಲಿ ಆಲ್ವಿಡಾ ಬರುತ್ತಾಳೆ. ಈ ಸಮುದ್ರದಲ್ಲೆಲ್ಲ ಸುಂದರಿ ಯಾರು ಅಂತ ಅವಳು ಕೇಳಿದರೆ "ನೀವೇ" ಅನ್ನಬೇಕು, ಅದು ಅಲ್ಲಿಯ ಕಾನೂನು. ಕೋಬಿ ಕೈಕಾಲು ನಡುಗಿಸುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಅವಳಷ್ಟು ಕುರೂಪಿ ಇನ್ನೊಬ್ಬಳಿಲ್ಲ ಅಂತ ಕಿರುಚಿಬಿಡುತ್ತಾನೆ. ಅವಳ ಗದೆ ಏಳುತ್ತದೆ, ಲೂಫಿ ಅಡ್ಡ ಬರುತ್ತಾನೆ. ಉಳಿದದ್ದು ನೀವು ಊಹಿಸಬಹುದು.

ಮುಂದೆ ಒಂದು ಊರಿನ ನೌಕಾಪಡೆ ಶಿಬಿರದ ಹತ್ತಿರ ಇಬ್ಬರೂ ಬೇರೆಯಾಗಬೇಕು. ಕೋಬಿ ಪಡೆಗೆ ಸೇರುತ್ತಾನೆ, ಲೂಫಿ ಕಳ್ಳ. ಇವನು ನಿನ್ನ ಸ್ನೇಹಿತನಾ ಅಂತ ಅಧಿಕಾರಿ ಕೇಳಿದರೆ ಕೋಬಿಗೆ ಸುಳ್ಳು ಹೇಳೋಕೆ ಬಾಯಿ ಬರುವುದಿಲ್ಲ. ಲೂಫಿ ಬೇಕಂತಲೇ ಅವನ ಹಳೆಯ ಕಥೆ ತೆಗೆದು ಕೆಣಕುತ್ತಾನೆ. ಕೋಬಿ ತಡೆಯಲಾರದೆ ಹೊಡೆಯುತ್ತಾನೆ, ಲೂಫಿ ತಿರುಗಿಸಿ ಚೆನ್ನಾಗಿ ಬಾರಿಸುತ್ತಾನೆ. ಜಗಳ ನೋಡಿದವರಿಗೆ ಇವರು ಸ್ನೇಹಿತರಲ್ಲ ಅಂತ ಖಾತ್ರಿ. ಅದೆಲ್ಲ ತನಗಾಗಿ ಆಡಿದ ನಾಟಕ ಅಂತ ಕೋಬಿಗೆ ಹೊಳೆಯುವುದು ಆಮೇಲೆ. ದಡಕ್ಕೆ ಓಡಿ, ಹೊರಟ ದೋಣಿಗೆ ಸೆಲ್ಯೂಟ್ ಹೊಡೆಯುತ್ತಾನೆ. ಹಿಂದೆ ಇಡೀ ಶಿಬಿರವೇ ಬಂದು ಸೆಲ್ಯೂಟ್ ಹೊಡೆಯುತ್ತದೆ. ಕಡಲ್ಗಳ್ಳನಿಗೆ ಸೆಲ್ಯೂಟ್ ಮಾಡಿದ್ದು ತಪ್ಪು, ಅದಕ್ಕೆ ಎಲ್ಲರಿಗೂ ಒಂದು ವಾರ ಊಟ ಇಲ್ಲ ಅಂತ ಅಧಿಕಾರಿಯೇ ಶಿಕ್ಷೆ ಹೇಳುತ್ತಾನೆ.

ಇಲ್ಲಿಂದ ಕೋಬಿ ಕಥೆಯ ಹೊರಗೆ ಹೋಗುತ್ತಾನೆ. ಆಮೇಲೆ ಅವನು ನಮಗೆ ಸಿಗುವುದು ಊರ ಜಾತ್ರೆಯಲ್ಲಿ ಸಿಗುವ ನೆಂಟರ ಹುಡುಗನ ಹಾಗೆ. ವರ್ಷಕ್ಕೊಮ್ಮೆ ನೋಡಿ, "ಅರೆ, ಇಷ್ಟೆತ್ತರ ಆದನಾ" ಅನ್ನುತ್ತೇವಲ್ಲ, ಹಾಗೆ. ಅವನು ಬೆಳೆದದ್ದು ಓಡಾ ಅವರ ಕಥೆಯ ಒಳಪುಟಗಳಲ್ಲಿ ಅಲ್ಲ. ಮಂಗಾದ ಪ್ರತಿ ಅಧ್ಯಾಯದ ಮೊದಲ ಪುಟದಲ್ಲಿ ಒಂದೊಂದು ಚಿತ್ರ ಇರುತ್ತದಲ್ಲ, ಅದರಲ್ಲಿ. 83ನೇ ಅಧ್ಯಾಯದಿಂದ 119ರವರೆಗೆ ಆ ಚಿತ್ರಗಳಲ್ಲಿ ಕೋಬಿ ಮತ್ತು ಹೆಲ್ಮೆಪ್ಪೊನ ದಿನಚರಿ ಬಂತು. ಹೆಲ್ಮೆಪ್ಪೊ ಅಂದರೆ ಆ ಶಿಬಿರದ ಹಳೇ ದುಷ್ಟ ಅಧಿಕಾರಿಯ ಮಗ, ಅಪ್ಪನ ಹೆಸರು ಹೇಳಿಕೊಂಡು ಮೆರೆದವನು. ಈಗ ಇಬ್ಬರೂ ಕಸ ಗುಡಿಸುವ, ಬಟ್ಟೆ ಒಗೆಯುವ ಆಳುಗಳು. ಗಾರ್ಪ್ ಎಂಬ ಮುದುಕ ವೈಸ್ ಅಡ್ಮಿರಲ್ ಬಂದು ಇಬ್ಬರನ್ನೂ ತನ್ನ ಜೊತೆ ಕರೆದುಕೊಂಡು ಹೋಗುತ್ತಾನೆ. ಅನಿಮೆಯಲ್ಲಿ ಇದನ್ನು 68, 69ನೇ ಕಂತುಗಳಲ್ಲಿ ತೋರಿಸಿದರು. ಅವಸರದಲ್ಲಿ ನೋಡುವವರು ಇವೆರಡನ್ನೂ ಹಾರಿಸಿಬಿಡುತ್ತಾರೆ. ಅಕ್ಕನ ಮಗನೂ ಹಾರಿಸಿದ್ದ, ನಾನೇ ಹಿಂದಕ್ಕೆ ತಿರುಗಿಸಿ ಕೂರಿಸಿದೆ.

ಮತ್ತೆ ಸಿಕ್ಕಾಗ ಕೋಬಿ ಎತ್ತರ ಆಗಿದ್ದಾನೆ. ಕನ್ನಡಕ ಹಣೆಯ ಮೇಲೆ. ಲೂಫಿಗೆ ಗುರುತೇ ಸಿಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಬೇಗ ಓಡುವ ವಿದ್ಯೆ ಕಲಿತಿದ್ದಾನೆ, ಲೂಫಿ ಮೇಲೆ ಪ್ರಯೋಗ ಮಾಡುತ್ತಾನೆ. ಲೂಫಿ ಕ್ಷಣದಲ್ಲಿ ನೆಲಕ್ಕೆ ಕೆಡವುತ್ತಾನೆ. ಸೋತ ಮೇಲೆ ಇಬ್ಬರೂ ಕೂತು ಹರಟುತ್ತಾರೆ. ಮುಂದಿನ ಸಮುದ್ರಕ್ಕೆ 'ಹೊಸ ಲೋಕ' ಅಂತ ಹೆಸರು ಅನ್ನುವುದನ್ನು ಲೂಫಿಗೆ ಹೇಳುವವನೇ ಕೋಬಿ. ಮಾತು ಮುಗಿಯುವಾಗ ಯಥಾಪ್ರಕಾರ ಕಣ್ಣೀರು.

ಇನ್ನು ನೌಕಾಪಡೆಯ ಕೇಂದ್ರ ಮರೀನ್‌ಫೋರ್ಡ್‌ನಲ್ಲಿ ನಡೆದ ಯುದ್ಧ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ಲೂಫಿಯ ಅಣ್ಣ ಏಸ್‌ಗೆ ನೌಕಾಪಡೆ ಮರಣದಂಡನೆ ಕೊಡುವ ದಿನ. ಅವನನ್ನು ಬಿಡಿಸೋಕೆ ವೈಟ್‌ಬಿಯರ್ಡ್ ಎಂಬ ದೈತ್ಯ ಕಡಲ್ಗಳ್ಳ ತನ್ನ ಪಡೆ ಕಟ್ಟಿಕೊಂಡು ಬರುತ್ತಾನೆ. ಯುದ್ಧ ಕಂಡು ಕೋಬಿ ಏನು ಮಾಡಿದ? ಹೆಲ್ಮೆಪ್ಪೊ ಜೊತೆ ಓಡಿಹೋದ! ನಮ್ಮ ಉತ್ತರಕುಮಾರ ಕೌರವರ ಸೇನೆ ನೋಡಿ ರಥದಿಂದ ಹಾರಿ ಓಡಿದನಲ್ಲ, ಹಾಗೆ. ಅವನನ್ನು ಅರ್ಜುನ ಹಿಡಿದು ತಂದ. ಇವರನ್ನು ವಾಪಸು ಅಟ್ಟಿದ್ದು ಭಯವೇ. ಓಡುತ್ತಿದ್ದ ಇನ್ನೊಬ್ಬ ಸಿಪಾಯಿಯನ್ನು ಅಕೈನು ಎಂಬ ಅಡ್ಮಿರಲ್ ಬೆಂಕಿ ಲಾವಾದಲ್ಲಿ ಕರಗಿಸಿಬಿಟ್ಟಿದ್ದನ್ನು ಇವರು ಕಣ್ಣಾರೆ ನೋಡಿದರು. ಆಮೇಲೆ ಲೂಫಿಗೆ ಅಡ್ಡ ನಿಲ್ಲೋಕೆ ಹೋಗಿ ಕೋಬಿ ಒಂದೇ ಏಟಿಗೆ ಬಿದ್ದ.

ಕಡೆಗೆ ಏಸ್ ಸತ್ತ, ವೈಟ್‌ಬಿಯರ್ಡ್ ಸತ್ತ. ನೌಕಾಪಡೆಯ ಕೆಲಸ ಮುಗಿದಿದೆ. ಆದರೂ ಅಕೈನುಗೆ ಸಾಕಾಗಿಲ್ಲ, ಓಡುವವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಆಗ ಕೋಬಿಯ ತಲೆಯೊಳಗೆ ಒಂದು ವಿಚಿತ್ರ ಶುರುವಾಗುತ್ತದೆ. ಸುತ್ತಲಿನವರ ದನಿಗಳು ಕೇಳುತ್ತವೆ, ಒಂದೊಂದಾಗಿ ಆರಿಹೋಗುತ್ತವೆ. ಒಬ್ಬೊಬ್ಬ ಸತ್ತ ಹಾಗೂ ಒಂದೊಂದು ದನಿ ಕಡಿಮೆ. ತಡೆಯಲಾರದೆ ಅವನು ಹೋಗಿ ಅಕೈನು ಎದುರು ಕೈ ಚಾಚಿ ನಿಲ್ಲುತ್ತಾನೆ. ಮೂಗಿನಲ್ಲಿ ಸಿಂಬಳ, ಕೆನ್ನೆ ತುಂಬ ನೀರು. ಸಾಕು ನಿಲ್ಲಿಸೋಣ, ಜೀವಗಳು ದಂಡವಾಗಿ ಹೋಗ್ತಿವೆ, ಪ್ರತಿಯೊಬ್ಬನಿಗೂ ಮನೆಯಲ್ಲಿ ಕಾಯುವವರಿದ್ದಾರೆ, ಈಗಲೇ ನೋಡಿಕೊಂಡರೆ ಬದುಕುವ ನಮ್ಮದೇ ಗಾಯಾಳುಗಳನ್ನು ಬಿಟ್ಟು ಇನ್ನೂ ಜನರನ್ನು ಸಾಯಿಸ್ತಿದ್ದೀವಲ್ಲ ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ಕೋಬಿಗೆ ದನಿ ಕೊಟ್ಟವರು ಮಿಕಾ ದೋಯಿ. ಆ ಕೂಗನ್ನು ಜಪಾನಿ ಭಾಷೆಯಲ್ಲೇ ಕೇಳಿ. ಮಾತು ಅರ್ಥ ಆಗದಿದ್ದರೂ ನಡೆಯುತ್ತದೆ.

ಅಕೈನು ಅದಕ್ಕೆಲ್ಲ ಕರಗುವ ಆಸಾಮಿ ಅಲ್ಲ. ತನ್ನ ಕೆಲವು ಸೆಕೆಂಡು ಹಾಳಾಯಿತು ಅಂತ ಕೈ ಎತ್ತುತ್ತಾನೆ. ಆ ಕೈಗೆ ಕತ್ತಿ ಅಡ್ಡ ಹಿಡಿದು ನಿಂತವನು ಶ್ಯಾಂಕ್ಸ್. ಲೂಫಿ ಹಾಕಿಕೊಳ್ಳುವ ಹುಲ್ಲಿನ ಟೋಪಿಯನ್ನು ಅವನಿಗೆ ಕೊಟ್ಟ ಕಡಲ್ಗಳ್ಳ. ಜೀವ ಪಣಕ್ಕಿಟ್ಟು ನೀನು ಕೊಟ್ಟ ಆ ಕೆಲವು ಸೆಕೆಂಡು, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಲೋಕದ ಹಣೆಬರಹವನ್ನೇ ಬದಲಿಸಿದೆ ಅಂತ ಅವನು ಕೋಬಿಗೆ ಹೇಳುತ್ತಾನೆ. ಕೇಳೋಕೆ ಕೋಬಿಗೆ ಎಚ್ಚರ ಎಲ್ಲಿತ್ತು? ಮೂರ್ಛೆ ಬಿದ್ದಿದ್ದ. ಟೀವಿಯಲ್ಲಿ ಇದು 488ನೇ ಕಂತು. ಅಷ್ಟು ದೊಡ್ಡ ಯುದ್ಧದಲ್ಲಿ ಅತಿ ಬಲಶಾಲಿಗಳೆಲ್ಲ ಸೇರಿ ಮಾಡಲಾಗದ್ದನ್ನು ಸಿಂಬಳ ಸುರಿಸುವ ಹುಡುಗ ಮಾಡಿದ. ಯಾರನ್ನೂ ಸೋಲಿಸಲಿಲ್ಲ. ಅಡ್ಡ ನಿಂತ, ಅಷ್ಟೇ.

ಆಮೇಲಿನದನ್ನು ಓಡಾ ಬೇಕಂತಲೇ ಬಚ್ಚಿಟ್ಟಿದ್ದಾರೆ. ಎರಡು ವರ್ಷದ ನಂತರ ಕೋಬಿ ಕ್ಯಾಪ್ಟನ್ ಆಗಿದ್ದಾನೆ. ರಾಕಿ ಪೋರ್ಟ್ ಎಂಬಲ್ಲಿ ಜನರನ್ನು ಕಾಪಾಡಿ ವೀರ ಅನ್ನಿಸಿಕೊಂಡಿದ್ದಾನೆ. ಆ ಘಟನೆಯನ್ನು ನಮಗೆ ತೋರಿಸಿಯೇ ಇಲ್ಲ, ಬರೀ ಬಾಯಿಮಾತಿನಲ್ಲಿ ಕೇಳಿದ್ದು. ನನಗಂತೂ ಇದೇ ಸರಿ ಅನ್ನಿಸಿತು. ಅವನ ಗೆಲುವಿನ ಕಥೆ ಬೇರೆಯವರ ಬಾಯಲ್ಲಿ ಬರುತ್ತದೆ. ಅವನ ಅಳುವನ್ನು ಮಾತ್ರ ನಾವು ಕಣ್ಣಾರೆ ನೋಡುತ್ತೇವೆ. 2023ರಲ್ಲಿ ನೆಟ್‌ಫ್ಲಿಕ್ಸ್ ಇದನ್ನೇ ನಟರನ್ನು ಇಟ್ಟು ತೆಗೆದಾಗ ಕೋಬಿ ಮತ್ತು ಗಾರ್ಪ್ ಕಥೆಯನ್ನು ಮೊದಲ ಭಾಗದಿಂದಲೇ ಲೂಫಿ ಕಥೆಯ ಪಕ್ಕಕ್ಕೆ ಹೆಣೆದರು. ಮಾರ್ಗನ್ ಡೇವೀಸ್ ಕೋಬಿ ಆಗಿದ್ದರು. ಚೆನ್ನಾಗಿತ್ತು, ಆದರೆ ಅಷ್ಟು ಹೊತ್ತು ಕಣ್ಣ ಮುಂದೆ ಇದ್ದರೆ ಜಾತ್ರೆಯಲ್ಲಿ ಸಿಗುವ ಖುಷಿ ಇರುವುದಿಲ್ಲ, ಅಲ್ವಾ?

ಈಚೆಗೆ ಕೋಬಿ ಬ್ಲ್ಯಾಕ್‌ಬಿಯರ್ಡ್ ಕಳ್ಳರ ಕೈಗೆ ಸಿಕ್ಕಿಬಿದ್ದ. ಬಿಡಿಸೋಕೆ ಮುದುಕ ಗಾರ್ಪ್ ತಾನೇ ಅವರ ದ್ವೀಪಕ್ಕೆ ನುಗ್ಗಿದ. ಕೋಬಿಗೆ ಬೀಳಬೇಕಿದ್ದ ಕತ್ತಿ ಗಾರ್ಪ್‌ಗೆ ಬಿತ್ತು. ದ್ವೀಪದ ನೆಲವೇ ಒಂದು ರಾಕ್ಷಸ ಕೈಯಾಗಿ ಎದ್ದು ಹಡಗಿಗೆ ಅಡ್ಡ ಬಂತು. ಆ ಕೈಯನ್ನು ಒಡೆದವನು ಕೋಬಿ. ಆ ಏಟಿನ ಹೆಸರು 'ಆನೆಸ್ಟಿ ಇಂಪ್ಯಾಕ್ಟ್', ಪ್ರಾಮಾಣಿಕತೆಯ ಗುದ್ದು ಅಂತ ಇಟ್ಟುಕೊಳ್ಳಿ. ಸುಳ್ಳು ಹೇಳೋಕೆ ಬಾಯಿ ಬಾರದ ಹುಡುಗನ ಏಟಿಗೆ ಇನ್ನೇನು ಹೆಸರಿಡುತ್ತಾರೆ?

ಹಡಗು ಹೊರಟಿತು. ಗಾರ್ಪ್ ದ್ವೀಪದಲ್ಲೇ ಉಳಿದ. ಕೋಬಿ ಅವನ ಹೆಸರು ಹಿಡಿದು ಕೂಗುತ್ತಿದ್ದ.

"ನೋಡು ಮಾಮ, ಇನ್ನೂ ಅಳ್ತಾನೆ" ಅಂದ ಅಕ್ಕನ ಮಗ. ಹೇಳಿದವನ ಮೂಗೂ ಸೊರಸೊರ ಅನ್ನುತ್ತಿತ್ತು. ನಾನು ಟೀವಿ ಕಡೆಗೇ ಮುಖ ಮಾಡಿಕೊಂಡು ಕೂತೆ.

ನಮಸ್ಕಾರ.