ಪೆಟ್ರೋಲ್ ದುಬಾರಿಯಾದಾಗ ಬಳಕೆದಾರರ ಕೈಯಲ್ಲಿ ಉಳಿಯುವುದೇನು?

ಸ್ನೇಹಿತರೇ,

ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಒಂದು ಕರೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ: ‘ಇಂಥ ದಿನ ಯಾರೂ ಪೆಟ್ರೋಲ್ ಹಾಕಿಸಬೇಡಿ.’ ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅಂದು ಬಂಕಿಗೆ ಹೋಗದವರು ಹಿಂದಿನ ದಿನವೇ ಟ್ಯಾಂಕ್ ತುಂಬಿಸಿಕೊಂಡಿರುತ್ತಾರೆ, ಇಲ್ಲವೇ ಮರುದಿನ ತುಂಬಿಸುತ್ತಾರೆ. ವಾರದ ಲೆಕ್ಕ ತೆಗೆದರೆ ಬಳಕೆ ಇದ್ದಷ್ಟೇ ಇರುತ್ತದೆ. ಕಚ್ಚಾ ತೈಲದ ದರವನ್ನಾಗಲಿ ತೆರಿಗೆಯನ್ನಾಗಲಿ ಬಂಕಿನ ಮುಂದೆ ನಿಂತವರು ಇಳಿಸಲಾರರು. ಅವರ ಹಿಡಿತದಲ್ಲಿರುವುದು ತಾವು ಸುಡುವ ಲೀಟರುಗಳು.

ಮೊದಲು ವೇಗದ ಮಾತು. ಗಾಳಿಯ ತಡೆ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಭಾಗ, ತಡೆ ಹೆಚ್ಚುವುದು ಅರ್ಧಕ್ಕಿಂತ ಜಾಸ್ತಿ. 40 ಕಿ.ಮೀ. ಹಾದಿಯಲ್ಲಿ ಇದರಿಂದ ಉಳಿಯುವುದು ಆರೇ ನಿಮಿಷ. 1973ರ ತೈಲ ಬಿಕ್ಕಟ್ಟಿನ ಬೆನ್ನಲ್ಲೇ ಅಮೆರಿಕ ತನ್ನ ಹೆದ್ದಾರಿಗಳ ವೇಗಕ್ಕೆ 55 ಮೈಲಿಯ ಮಿತಿ ಹಾಕಿತು. 2022ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಮುಂದಿಟ್ಟ ಹತ್ತು ಸಲಹೆಗಳಲ್ಲೂ ಹೆದ್ದಾರಿಯ ವೇಗವನ್ನು ಕನಿಷ್ಠ 10 ಕಿ.ಮೀ. ತಗ್ಗಿಸಬೇಕೆಂಬುದಿತ್ತು.

ದೂರದಲ್ಲಿ ಕೆಂಪು ದೀಪ ಕಾಣುತ್ತದೆ ಎಂದಿಟ್ಟುಕೊಳ್ಳಿ. ಕೊನೆಯವರೆಗೂ ಆಕ್ಸಿಲರೇಟರ್ ಒತ್ತಿ ಆಮೇಲೆ ಬ್ರೇಕ್ ಹಾಕಿದರೆ, ಆಗಷ್ಟೇ ಸುಟ್ಟ ಪೆಟ್ರೋಲ್ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಅದರ ಬದಲು ಗೇರಿನಲ್ಲೇ ಇದ್ದು ಕಾಲು ಎತ್ತಿ ನೋಡಿ. ಇಂಧನವನ್ನು ಸಿಂಪಡಿಸುವ ಇಂದಿನ ಎಂಜಿನ್‌ಗಳಲ್ಲಿ ಆ ಹೊತ್ತು ಪೆಟ್ರೋಲ್ ಪೂರೈಕೆಯೇ ನಿಂತಿರುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯವೆಂದು ನಂಬಿದವರು ಬಹಳ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನಷ್ಟಕ್ಕೆ ತಿರುಗಲು ಇಂಧನ ಕುಡಿಯುತ್ತಲೇ ಇರುತ್ತದೆ, ವಾಹನದ ಮೇಲಿನ ಹತೋಟಿಯೂ ಕಡಿಮೆಯಾಗುತ್ತದೆ.

ತಣ್ಣಗಿರುವ ಎಂಜಿನ್ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಅತಿ ಹೆಚ್ಚು ಕುಡಿಯುತ್ತದೆ. ಆದ್ದರಿಂದ ಹತ್ತಿರದ ಓಡಾಟಗಳನ್ನು ಒಂದೇ ಸುತ್ತಿಗೆ ಸೇರಿಸಿ, ಸಾಧ್ಯವಿದ್ದರೆ ನಡೆದೇ ಹೋಗಿ. ಟೈರಿನ ಗಾಳಿ ನೋಡಿಕೊಳ್ಳಿ. ಇಂಧನ ಉಳಿಸುತ್ತವೆಂದು ಮಾರುವ ಅಯಸ್ಕಾಂತಗಳಿಗೆ ಹಣ ಸುರಿಯಬೇಡಿ.

ಮನೆಯಲ್ಲಿ ಎರಡು ವಾಹನಗಳಿದ್ದರೆ ಯಾವುದನ್ನು ಮೊದಲು ಬದಲಿಸಬೇಕು? ಲೀಟರಿಗೆ 20 ಕಿ.ಮೀ. ಕೊಡುವುದನ್ನು 25ಕ್ಕೆ ಏರಿಸಿದರೆ ನೂರು ಕಿಲೋಮೀಟರಿಗೆ ಉಳಿಯುವುದು ಒಂದು ಲೀಟರ್. 10 ಕೊಡುವುದನ್ನು 12ಕ್ಕೆ ಏರಿಸಿದರೆ ಒಂದೂವರೆ ಲೀಟರಿಗೂ ಹೆಚ್ಚು. ಎರಡೂ ಒಂದೇ ಪ್ರಮಾಣದಲ್ಲಿ ಓಡುತ್ತಿದ್ದರೆ ದೊಡ್ಡ ಹೊಟ್ಟೆಯದನ್ನೇ ಮೊದಲು ಕೈಬಿಡಿ.

ಇಷ್ಟೆಲ್ಲ ಹೇಳುವಾಗ ನನ್ನನ್ನು ಕಾಡುವವರು ಬೇರೆಯೇ ಇದ್ದಾರೆ. ದ್ವಿಚಕ್ರ ವಾಹನದಲ್ಲಿ ಮನೆಮನೆಗೆ ಪೊಟ್ಟಣ ಮುಟ್ಟಿಸುವವರು, ಬಸ್ಸೇ ಇಲ್ಲದ ದಾರಿಯಲ್ಲಿ ಕೆಲಸಕ್ಕೆ ಹೋಗುವವರು ಯಾವ ಓಡಾಟವನ್ನು ಕಡಿತ ಮಾಡಬೇಕು? ಅವರ ಪೆಟ್ರೋಲ್ ಅವರ ದುಡಿಮೆಯ ಬಂಡವಾಳ. ಅವರಿಗೆ ಮಿತವ್ಯಯ ಬೋಧಿಸುವುದು ಕ್ರೌರ್ಯ. ಆಯ್ಕೆ ಇರುವ ನಾವು ನಮ್ಮ ಬಳಕೆ ಇಳಿಸೋಣ. ಜೊತೆಗೆ, ಒಂದು ದಿನದ ಬಹಿಷ್ಕಾರಕ್ಕೆ ಖರ್ಚಾಗುವ ಆ ಸಿಟ್ಟನ್ನು ಹೆಚ್ಚು ಬಸ್ಸುಗಳಿಗಾಗಿ, ಸುರಕ್ಷಿತ ಕಾಲುದಾರಿಗಾಗಿ, ವಾರದಲ್ಲಿ ಒಂದೆರಡು ದಿನ ಮನೆಯಿಂದಲೇ ಕೆಲಸ ಮಾಡುವ ಅವಕಾಶಕ್ಕಾಗಿ ಒಟ್ಟಾಗಿ, ಬೆಲೆ ಇಳಿದ ಮೇಲೂ ಬಿಡದೆ ಕೇಳೋಣ.