ಒದ್ದೆ ಘಟ್ಟ, ಜಾರುವ ಗಾಲಿ

ಕೇಳುಗರಿಗೆ ನಮಸ್ಕಾರ.

ಮೃಗಶಿರ ಮಳೆಯ ಮೊದಲ ಹನಿ ಬಿದ್ದ ಅರ್ಧ ಗಂಟೆ ಇದೆಯಲ್ಲ, ರಸ್ತೆ ಬಹಳ ಜಾರುವುದು ಆಗ. ಬೇಸಿಗೆಯುದ್ದಕ್ಕೂ ಲಾರಿ, ಬಸ್ಸುಗಳಿಂದ ತೊಟ್ಟಿಕ್ಕಿದ ಆಯಿಲ್, ಟೈರು ಸವೆದು ಉದುರಿದ ರಬ್ಬರಿನ ಪುಡಿ, ಕೆಂಪು ಧೂಳು ಎಲ್ಲ ಡಾಂಬರಿನ ಸಂದಿಯಲ್ಲಿ ಕೂತಿರುತ್ತದೆ. ಸಣ್ಣ ತುಂತುರು ಅದನ್ನು ತೊಳೆಯುವುದಿಲ್ಲ. ಕಲಸಿ, ಮತ್ತಿಸೊಪ್ಪಿನ ಗಂಪಿನ, ಅಂದರೆ ಸೊಪ್ಪಿನ ಲೋಳೆಯ, ಹಾಗೆ ಮಾಡಿ ಮೇಲಕ್ಕೆ ತರುತ್ತದೆ. ಜಡಿಮಳೆ ತಾಸುಗಟ್ಟಲೆ ಹೊಯ್ದ ಮೇಲೆ ಅದೇ ರಸ್ತೆ ಎಷ್ಟೋ ವಾಸಿ. ಹೀಗಾಗಿ ಮೊದಲ ಮಳೆಗೆ ಸಿಕ್ಕಿಕೊಂಡವರು, ವಿಶೇಷವಾಗಿ ಬೈಕಿನವರು, ಎಲ್ಲಾದರೂ ಒಂದು ಚಾ ಕುಡಿದು ಹೊರಟರೆ ನಷ್ಟವಿಲ್ಲ.

ಆಮೇಲೆ ಬೇರೆ ಜಾರುಗಳು ಶುರುವಾಗುತ್ತವೆ. ಮರದ ನೆರಳಿನಲ್ಲಿ ಬಿಸಿಲೇ ಕಾಣದ ತಿರುವುಗಳಲ್ಲಿ ಹಾವಸೆ ಕಟ್ಟುತ್ತದೆ. ದರಕು, ಅಂದರೆ ಉದುರಿದ ಒಣ ಎಲೆ, ಕೊಳೆತು ರಸ್ತೆಯ ಅಂಚಿನಲ್ಲಿ ಲೋಳೆಯಾಗುತ್ತದೆ. ಮಣ್ಣು ಹೊರುವ ಟಿಪ್ಪರ್‌ಗಳ ಚಕ್ರದಿಂದ ಬಿದ್ದ ಕೆಮ್ಮಣ್ಣು ಒಂದೇ ಮಳೆಗೆ ರಾಡಿಯಾಗುತ್ತದೆ. ಕರಾವಳಿಯ ಪಟ್ಟಿಯಲ್ಲಿ ಮೀನಿನ ಲಾರಿಯಿಂದ ಸುರಿಯುವ ನೀರು ಇನ್ನೊಂದು. ಅದರಲ್ಲಿ ಮೀನಿನ ಎಣ್ಣೆ ಇರುವುದರಿಂದ ಮಳೆ ನೀರಿಗಿಂತ ಹೆಚ್ಚು ಜಾರುತ್ತದೆ, ಅದೂ ಲಾರಿ ವಾಲುವ ತಿರುವಿನಲ್ಲೇ ಹೆಚ್ಚು ಚೆಲ್ಲುತ್ತದೆ. ವಾಸನೆ ಬಂತೆಂದರೆ ವೇಗ ಇಳಿಸಿ. ಇಲ್ಲಿ ಕಣ್ಣಿಗಿಂತ ಮೂಗು ಬೇಗ ಎಚ್ಚರಿಸುತ್ತದೆ.

ಈಗ ಹಿಡಿತದ ಲೆಕ್ಕ. ಕಾರಿನ ಒಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಮ್ಮಿ ನಮ್ಮ ಅಂಗೈ ಅಗಲ. ಆ ನಾಲ್ಕು ಅಂಗೈಗಳಲ್ಲಿ ಇರುವಷ್ಟೇ ಹಿಡಿತ. ಬ್ರೇಕ್ ಒತ್ತಿದರೂ ಅದರಿಂದಲೇ ಖರ್ಚು, ಸ್ಟಿಯರಿಂಗ್ ತಿರುಗಿಸಿದರೂ ಅದರಿಂದಲೇ, ಎಕ್ಸಿಲೇಟರ್ ಕೊಟ್ಟರೂ ಅದರಿಂದಲೇ. ಒಣ ರಸ್ತೆಯಲ್ಲಿ ಈ ಹಿಡಿತದ ಗಂಟು ದೊಡ್ಡದು, ಎರಡು ಖರ್ಚು ಒಟ್ಟಿಗೆ ಬಂದರೂ ನಡೆಯುತ್ತದೆ. ಒದ್ದೆಯಾದಾಗ ಗಂಟು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಆಗ ತಿರುವಿನ ನಡುವೆ ಬ್ರೇಕ್ ಒತ್ತಿದಿರೋ, ತಿರುಗುವುದಕ್ಕೆ ಹಿಡಿತವೇ ಉಳಿಯುವುದಿಲ್ಲ. ಗಾಡಿ ನೇರ ಹೋಗುತ್ತದೆ. ಬ್ರೇಕ್ ತಿರುವಿಗೆ ಮೊದಲೇ ಮುಗಿಯಬೇಕು, ತಿರುಗುವಾಗ ತಿರುಗುವುದೊಂದೇ, ಎಕ್ಸಿಲೇಟರ್ ತಿರುವು ಬಿಚ್ಚಿದ ಮೇಲೆ. ಇವತ್ತು ಹೇಳುವ ಹೆಚ್ಚಿನ ಮಾತೆಲ್ಲ ಇದರ ಸುತ್ತಲೇ ಇದೆ.

ಅಂಕಿಯಲ್ಲಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಎಮ್ಮೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲೇ 17 ಮೀಟರ್ ಕಳೆಯಿತು. ಆಮೇಲೆ ಸಮತಟ್ಟಾದ ಒಣ ಡಾಂಬರಿನಲ್ಲಿ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು. ಒದ್ದೆಯಾದರೆ 35. ಇಳುಕಲಿನಲ್ಲಿ ಇನ್ನೂ ಹೆಚ್ಚು, ಬೋಳು ಟೈರಾದರೆ ಅದಕ್ಕಿಂತಲೂ ಹೆಚ್ಚು. ಆದರೆ ವೇಗವನ್ನು 40ಕ್ಕೆ ಇಳಿಸಿದರೆ ಒದ್ದೆ ರಸ್ತೆಯಲ್ಲೂ 16 ಮೀಟರಿನಲ್ಲಿ ನಿಲ್ಲುತ್ತದೆ. ವೇಗ ಮೂರರಲ್ಲಿ ಎರಡು ಪಾಲಾದರೆ ದೂರ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಏಕೆಂದರೆ ಈ ದೂರ ವೇಗದ ವರ್ಗದಂತೆ ಏರಿಳಿಯುತ್ತದೆ. ತಿರುವಿನದೂ ಹಾಗೆಯೇ. 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವಿನಲ್ಲಿ ಒಣಗಿದ್ದಾಗ 36ರ ವೇಗ ಕೊನೆಯ ಗೆರೆ. ಒದ್ದೆಯಾದಾಗ ಆ ಗೆರೆ 27ಕ್ಕೆ ಬರುತ್ತದೆ. ಕೊನೆಯ ಗೆರೆ ಎಂದೆ, ಅಲ್ಲಿಯವರೆಗೆ ಹೋಗಿ ಎಂದಲ್ಲ. 20 ಸಾಕು.

ಘಟ್ಟ ಇಳಿಯುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಶಿರಸಿಯಿಂದ ಕುಮಟೆಗೆ ದೇವಿಮನೆ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು, ಜೊಯಿಡಾ ಕಡೆಯಿಂದ ಅಣಶಿ, ಸಿದ್ದಾಪುರದಿಂದ ದೊಡ್ಮನೆ, ಜೋಗದ ಕಡೆಯಿಂದ ಗೇರುಸೊಪ್ಪೆ, ಎಲ್ಲವೂ ಕೆಲವೇ ಕಿಲೋಮೀಟರುಗಳಲ್ಲಿ ಕರಾವಳಿಗೆ ಇಳಿಸಿಬಿಡುವ ದಾರಿಗಳು. 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯಿತು ಎಂದಿಟ್ಟುಕೊಳ್ಳಿ. ಆ ಇಳಿತದ ಶಕ್ತಿಯೆಲ್ಲ ಬ್ರೇಕಿಗೇ ಬಂದರೆ ಹುಟ್ಟುವ ಬಿಸಿಯಲ್ಲಿ 20 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬಂದೀತು. 25 ಟನ್ನಿನ ಲಾರಿಯಾದರೆ 400 ಲೀಟರ್! ಊರಿನ ಬಚ್ಚಲ ಹಂಡೆಗಳನ್ನೆಲ್ಲ ಒಟ್ಟು ಮಾಡಿ ಕಾಯಿಸಿದ ಹಾಗೆ. ಅಷ್ಟು ಬಿಸಿಯನ್ನು ಅಂಗೈಯಷ್ಟು ಬ್ರೇಕ್ ಪ್ಯಾಡುಗಳು, ಲೈನರುಗಳು ತಡೆಯಲಾರವು. ಆ ಕೆಲಸವನ್ನು ಇಂಜಿನ್ನಿಗೆ ಹಂಚಬೇಕು.

ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ಹಳೆಯ ಡ್ರೈವರುಗಳ ಮಾತು. ಈಗಿನ ಕಾರುಗಳು ಮೂರನೇ ಗೇರಿನಲ್ಲೂ ಘಟ್ಟ ಹತ್ತಿಬಿಡುತ್ತವೆ, ಆದ್ದರಿಂದ ಇಳಿಯುವಾಗ ಒಂದು ಗೇರು ಕಮ್ಮಿಯೇ ಇರಲಿ. ಪರೀಕ್ಷೆ ಸುಲಭ: ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಬಿಡಿ, ವೇಗ ತಾನಾಗಿ ಏರುತ್ತಿದ್ದರೆ ಗೇರು ಇನ್ನೂ ಇಳಿಯಬೇಕು. ಗೇರು ಬದಲಿಸುವುದು ಇಳುಕಲು ಶುರುವಾಗುವ ಮೊದಲೇ, ಕ್ಲಚ್ಚನ್ನು ನಿಧಾನ ಬಿಡುತ್ತ. ಒದ್ದೆಯಲ್ಲಿ ಒಮ್ಮೆಲೇ ಬಿಟ್ಟರೆ ಇಂಜಿನ್ನಿನ ಎಳೆತಕ್ಕೇ ಚಕ್ರ ಜಾರುವುದುಂಟು. ಆಟೋಮ್ಯಾಟಿಕ್ ಗಾಡಿಯಲ್ಲಿ 'ಡಿ'ಯಲ್ಲೇ ಬಿಡದೆ 'ಎಲ್' ಅಥವಾ ಮ್ಯಾನ್ಯುವಲ್ ಮೋಡಿಗೆ ಹಾಕಿ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಘಟ್ಟದುದ್ದಕ್ಕೂ ಕಾಲನ್ನು ಪೆಡಲಿನ ಮೇಲೆ ಇಟ್ಟುಕೊಂಡೇ ಬಂದರೆ ಬ್ರೇಕಿಗೆ ತಣಿಯುವ ಹೊತ್ತೇ ಸಿಗುವುದಿಲ್ಲ.

ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಹಾಕಿ ಬಿಡುವವರು ಇನ್ನೂ ಇದ್ದಾರೆ. ಉಳಿಯುವುದೂ ಇಲ್ಲ. ಗೇರಿನಲ್ಲಿದ್ದು ಎಕ್ಸಿಲೇಟರ್ ಬಿಟ್ಟರೆ ಈಗಿನ ಇಂಜಿನ್ನುಗಳು ಇಂಧನವನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಿ ಇಂಜಿನ್ ಉಸಿರಾಡಲಿಕ್ಕಾದರೂ ಕುಡಿಯುತ್ತಿರುತ್ತದೆ. ಇಂಜಿನ್ನನ್ನೇ ಆಫ್ ಮಾಡಿ ಬಿಟ್ಟರಂತೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನ ನಿರ್ವಾತ ಮುಗಿದು ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗೂ ಭಾರವಾಗುತ್ತದೆ.

ಬ್ರೇಕ್ ಕೈಕೊಡುವುದು ಎರಡು ಬಗೆ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ, ಸುಟ್ಟ ವಾಸನೆಯೂ ಬಂದರೆ, ಲೈನರ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದ್ದು ಪೈಪಿನಲ್ಲಿ ಆವಿ ಕಟ್ಟಿದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ಬಗೆಯದು ಹೊಸತಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಾಳಬೇಕು, ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕಾರವಾರ, ಹೊನ್ನಾವರದಂಥ ತೇವದ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ದುಂದುವೆಚ್ಚವಲ್ಲ. ವಾಸನೆ ಬಂದಾಗಲೇ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಬಿಡಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಓಡುತ್ತಿರುವಾಗಲೇ ಪೆಡಲ್ ತಳ ಕಂಡಿತೋ, ಬೇಗ ಬೇಗ ನಾಲ್ಕೈದು ಸಲ ಪಂಪ್ ಹೊಡೆಯಿರಿ, ಗೇರು ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಏನೂ ಆಗದಿದ್ದರೆ ಧರೆಯ, ಅಂದರೆ ಕಡಿದ ಗುಡ್ಡದ, ಕಡೆಯ ಗಟಾರಕ್ಕೆ ಚಕ್ರ ಇಳಿಸಿ. ಗಾಡಿ ಹಾಳಾದೀತು, ಕಣಿವೆಯ ಕಡೆ ಹೋಗುವುದು ತಪ್ಪೀತು.

ಎಬಿಎಸ್ ಇರುವ ಗಾಡಿಗಳಿಗೆ, ಅಂದರೆ 2019ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆ ಮತ್ತು 125 ಸಿಸಿಗೆ ಮೇಲ್ಪಟ್ಟ ಬೈಕುಗಳಿಗೆ, ಬ್ರೇಕ್ ಸರಿಯಿದ್ದು ತುರ್ತಾಗಿ ನಿಲ್ಲಿಸುವಾಗ ಪಂಪ್ ಹೊಡೆಯುವ ಅಗತ್ಯವಿಲ್ಲ. ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾಲಿಗೆ ಗಡಗಡ ಅನಿಸಿದರೆ ಹೆದರಿ ಬಿಡಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಟೈರಿನ ಗೀರು ಇರುವುದು ನೀರನ್ನು ಹೊರಹಾಕಲಿಕ್ಕೆ. ಕಾರಿನ ಹೊಸ ಟೈರಿನಲ್ಲಿ ಅದು ಸುಮಾರು 8 ಮಿಲಿಮೀಟರ್ ಆಳ. ಕಾನೂನಿನ ಮಿತಿ 1.6, ಆದರೆ ನಮ್ಮ ಮಳೆಗೆ 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುವುದು ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೀರು ನಿಂತ ಕಡೆ ವೇಗವಾಗಿ ಹೋದಾಗ ಟೈರಿನಡಿಯ ನೀರು ಹೊರಹೋಗಲು ಸಮಯವಿಲ್ಲದೆ ಗಾಡಿಯೇ ನೀರ ಮೇಲೆ ತೇಲುತ್ತದೆ. 33 ಪೌಂಡ್ ಗಾಳಿ ಇರುವ ಟೈರು ಆಳದ ನೀರಿನಲ್ಲಿ ಸುಮಾರು 95ರ ವೇಗಕ್ಕೆ ತೇಲಿದರೆ, 25 ಪೌಂಡಿನದು 83ಕ್ಕೇ ತೇಲುತ್ತದೆ. ಸವೆದ ಟೈರಿನಡಿ ಸಣ್ಣ ನೀರೂ ಸಾಕು. ಗಾಳಿ ಇಳಿಸಿದರೆ ಮಳೆಯಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ಮಾತು ಡಾಂಬರು ರಸ್ತೆಗೆ ಸಲ್ಲದು. ಸ್ಟಿಯರಿಂಗ್ ಒಮ್ಮೆಲೇ ಹಗುರವಾಯಿತೋ, ತೇಲುತ್ತಿದ್ದೀರಿ: ಬ್ರೇಕ್ ಬೇಡ, ತಿರುಗಿಸಬೇಡಿ, ಎಕ್ಸಿಲೇಟರಿನಿಂದ ಕಾಲೆತ್ತಿ ನೇರ ಹಿಡಿದಿರಿ. ಹಿಂಬದಿ ಜಾರಿದರೆ, ಅದು ಯಾವ ಕಡೆ ಜಾರುತ್ತದೋ ಆ ಕಡೆಗೇ ಸ್ಟಿಯರಿಂಗ್ ತಿರುಗಿಸಿ, ಮೆಲ್ಲಗೆ. ಮುಂಬದಿ ಜಾರಿದರೆ ಇನ್ನಷ್ಟು ತಿರುಗಿಸುವ ಆಸೆಯಾಗುತ್ತದೆ. ಬದಲಿಗೆ ಸ್ವಲ್ಪ ಸಡಿಲಿಸಿ.

ಬೈಕಿನವರಿಗೆ ಎರಡು ಮಾತು. ಬಿಳಿ ಪಟ್ಟೆಯ ಮೇಲೆ, ಸೇತುವೆಯ ಕಬ್ಬಿಣದ ಜಾಯಿಂಟಿನ ಮೇಲೆ ವಾಲಿಸಬೇಡಿ, ಅಲ್ಲಿ ಬ್ರೇಕೂ ಬೇಡ, ನೆಟ್ಟಗೆ ದಾಟಿ. ಹಿಂದೆ ಕೂತವರು ಕೊಡೆ ಬಿಚ್ಚುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಎದುರಿನಿಂದ ಬಸ್ಸು ಬಂದಾಗ ಆ ಗಾಳಿಗೆ ಕೊಡೆ ಹಾಯಿಯಂತೆ ತುಂಬಿ ಇಬ್ಬರನ್ನೂ ಹಿಂದಕ್ಕೆ ಎಳೆಯುತ್ತದೆ. ಹಿಂದೆ ಕೂತ ಅಕ್ಕ, ಅಮ್ಮನಿಗೂ ಒಂದು ರೇನ್‌ಕೋಟು ತೆಗೆಯಿರಿ, ಅದರ ಅಂಚು ಚೈನಿಗೆ ಸಿಗದಂತೆ ಸಿಕ್ಕಿಸಿ.

ಗಾಜಿನ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ, ಗಾಳಿ ಹೊರಗಿನಿಂದ ಬರುವಂತೆ ಇಡಿ. ಹಬೆ ಹೊರಗೆ ಕಟ್ಟಿದ್ದರೆ ಎಸಿಯ ತಂಪು ಇಳಿಸಿ, ವೈಪರ್ ಒಮ್ಮೆ ಓಡಿಸಿ. ಮಂಜು ಕವಿದ ಘಟ್ಟದಲ್ಲಿ ಹೆಡ್‌ಲೈಟ್ ಡಿಮ್ಮಿನಲ್ಲೇ ಇರಲಿ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸಬೇಡಿ. ಹಿಂದಿನವನಿಗೆ ನೀವು ನಿಂತಿದ್ದೀರೋ, ತಿರುಗುತ್ತೀರೋ ಗೊತ್ತಾಗುವುದಿಲ್ಲ. ಇಕ್ಕಟ್ಟಿನ ಏರಿನಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು.

ಬೇಸಿಗೆ ರಜೆಗೆ, ಚಳಿಗಾಲಕ್ಕೆ ನಮ್ಮ ಕಡೆಯವರು ಈಗ ಮನಾಲಿ, ಲಡಾಖ್ ಅಂತ ಕಾರು ತೆಗೆದುಕೊಂಡೇ ಹೋಗುತ್ತಾರೆ. ಹಿಮ ಬೇರೆ ಲೋಕವಲ್ಲ, ಹಿಡಿತದ ಗಂಟು ಇನ್ನೂ ಸಣ್ಣದು, ಅಷ್ಟೆ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಅದು ಒಣ ರಸ್ತೆಯ ಏಳರಲ್ಲೊಂದು ಪಾಲು. 60ರಲ್ಲಿ ನಿಲ್ಲಲು 140 ಮೀಟರ್ ಬೇಕು, 30ರಲ್ಲೂ 35 ಮೀಟರ್. ಶೂನ್ಯ ಡಿಗ್ರಿಯ ಆಸುಪಾಸು ಗಡ್ಡೆ ಅತಿ ಹೆಚ್ಚು ಜಾರುತ್ತದೆ, ಮೇಲೆ ತೆಳ್ಳನೆ ನೀರು ಇರುತ್ತದಲ್ಲ. ಸೇತುವೆ, ಸುರಂಗದ ಬಾಯಿ, ಬೆಟ್ಟದ ನೆರಳಿನ ತಿರುವುಗಳಲ್ಲಿ ಡಾಂಬರು ಬರೀ ಒದ್ದೆಯಂತೆ ಕಂಡರೂ ಅದು ಕಣ್ಣಿಗೆ ಕಾಣದ ಗಡ್ಡೆ ಇರಬಹುದು. ಹೊರಡುವಾಗ ಎರಡನೇ ಗೇರು ಹಾಕಿ ಕ್ಲಚ್ ಮೆಲ್ಲಗೆ ಬಿಡಿ. ಚೈನು ಕಟ್ಟುವುದು ಇಂಜಿನ್ ಎಳೆಯುವ ಚಕ್ರಗಳಿಗೆ, ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನವಕ್ಕೆ. ಸಿಕ್ಕಿಬಿದ್ದ ಮೇಲಲ್ಲ, ಮೊದಲೇ. ನೂರು ಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ, 40 ದಾಟಬೇಡಿ. ಇನ್ನೊಂದು: ರೇಡಿಯೇಟರಿಗೆ ಬಾವಿ ನೀರು ಸುರಿದು ಓಡಿಸುವ ಗಾಡಿಗಳು ನಮ್ಮಲ್ಲಿ ಉಂಟು. ಕರಾವಳಿಯಲ್ಲಿ ನಡೆಯುತ್ತದೆ. ಹಿಮದ ಊರಿನಲ್ಲಿ ಒಂದೇ ರಾತ್ರಿಗೆ ಆ ನೀರು ಗಡ್ಡೆಯಾಗಿ ಹಿಗ್ಗಿ ಇಂಜಿನ್ ಬ್ಲಾಕನ್ನೇ ಸೀಳಬಲ್ಲದು. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದರೆ ಸೊನ್ನೆಗಿಂತ ಕೆಳಗೆ 35 ಡಿಗ್ರಿಗೂ ಹೆಪ್ಪುಗಟ್ಟದು.

ಮರಳಿ ನಮ್ಮ ಧರೆಗಳಿಗೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ಹೊಳೆಯವರೆಗೆ ಹೋಯಿತು. ರಸ್ತೆ ಬದಿಯ ಹೋಟೆಲು, ಅಲ್ಲಿದ್ದ ಗಾಡಿಗಳು, ಜನ ಅದರಡಿ ಸಿಕ್ಕರು. ದೊಡ್ಡ ಮಳೆಯ ದಿನ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಲೇಬೇಡಿ, ಚಾಕ್ಕೂ ಬೇಡ, ಫೋನಿಗೂ ಬೇಡ. ಧರೆಯಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ಮರಗಳು ರಸ್ತೆಗೆ ವಾಲಿದ್ದರೆ, ತಿಳಿಯಾಗಿದ್ದ ಒರತೆ ಒಮ್ಮೆಲೇ ಕೆಂಪಾದರೆ ಅಲ್ಲಿಂದ ಸರಿಯಿರಿ, ಹಿಂದಿನ ಗಾಡಿಗಳನ್ನು ತಡೆಯಿರಿ, 112ಕ್ಕೆ ಫೋನ್ ಮಾಡಿ.

ಮೋರಿಯ ಮೇಲೆ ಹರಿಯುವ ನೀರಿಗೆ ಇಳಿಯಬೇಡಿ. ಒಂದು ಅಡಿ ಹರಿವ ನೀರು ಸಣ್ಣ ಕಾರನ್ನು ಎತ್ತಿ ಸರಿಸುತ್ತದೆ, ಎರಡು ಅಡಿ ಹೆಚ್ಚಿನ ಗಾಡಿಗಳನ್ನು ಕೊಂಡೊಯ್ಯುತ್ತದೆ. ನಿಂತ ನೀರಿನಲ್ಲಿ ಇಂಜಿನ್ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದೂಡಿಕೊಂಡು ಆಚೆ ತನ್ನಿ. ಸಲೀಸಾಗಿ ದಾಟಿದ್ದರೂ ಮುಂದಿನ ನೂರು ಮೀಟರ್ ಬ್ರೇಕನ್ನು ಹಗುರವಾಗಿ ಒತ್ತುತ್ತ ಹೋಗಿ, ಲೈನರ್ ಒಣಗಲಿ. ಮನೆ ಸೇರಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಡಬೇಡಿ, ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೊಂದು ಕಲ್ಲು ಕೊಟ್ಟರೆ ಸಾಕು.

ನಮಸ್ಕಾರ.